ಟಗ್ ದೋಣಿಯ ಕೆಂಪು

ದೊಡ್ಡ ಹಡಗುಗಳಿಗೆ ಹಗ್ಗ ಬಿಗಿದು ಬಂದರಿಗೆ ಎಳೆದು ತರುವ ಪುಟ್ಟ ಟಗ್ ದೋಣಿ ಸೋದರಮಾವನದು. ಅದರ ಚಿತ್ರ ಬೇಕೆಂದು ಅವರೇ ಬಾಯಿಬಿಟ್ಟು ಕೇಳಿದ್ದರು. ಕಡಲು, ಹಡಗು, ಅಲೆ ಎಂದು ವರ್ಷಗಟ್ಟಲೆ ಮರದ ಹಲಗೆ ಕೆತ್ತಿ ಅಚ್ಚು ಹಾಕುತ್ತಿದ್ದ ಅವಳನ್ನು ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಬಂದರು ಕಚೇರಿಯ ಗೋಡೆಗೆ ಮಾವ ಆಗಲೇ ಮೊಳೆ ಹೊಡೆಸಿದ್ದರಂತೆ. ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆಕಾಶದ ಬೂದು ಮುಗಿದು, ದೋಣಿಯ ಕೆಂಪೂ ಮುಗಿದು, ಹಾಳೆಗಳು ತಂತಿಯ ಮೇಲೆ ಒಣಗುತ್ತಿದ್ದವು. ಕಪ್ಪು ಮಸಿ ಕಲಸುತ್ತಿದ್ದಾಗ ಮಾವ ಒಳಗೆ ಬಂದರು. ಮೊಣಕೈಗೆ ಹಸಿರು ಬಣ್ಣ ಮೆತ್ತಿತ್ತು.

"ದೋಣಿ ಹೊಸದಾಯ್ತು ಕಣಮ್ಮ! ಹಸಿರು ಬಳಿದಿದ್ದೀವಿ, ಥಳಥಳ ಅಂತಿದೆ."

ಅವಳ ಕೈ ನಿಂತೇಹೋಯಿತು. ಮಾವ ತಂತಿಯ ಕಡೆ ನೋಡಿದರು. "ಅಯ್ಯೋ, ಇದೆಲ್ಲ ಕೆಂಪು! ಹಸಿರು ಮಾಡಿಬಿಡು."

"ಆಗಲ್ಲ ಮಾವ." ಅವಳು ಹಲಗೆ ತಿರುಗಿಸಿ ತೋರಿಸಿದಳು. ಎಲ್ಲ ಬಣ್ಣಕ್ಕೂ ಅದೊಂದೇ ಹಲಗೆ. ಒಂದು ಬಣ್ಣ ಅಚ್ಚಾದ ಮೇಲೆ ಆ ಭಾಗವನ್ನು ಕೆತ್ತಿ ತೆಗೆದುಬಿಡಬೇಕು. ದೋಣಿಯ ಮೈ ಇದ್ದ ಕಡೆ ಈಗ ಹಳ್ಳ, ನಡುವೆ ಕಪ್ಪಿಗೆಂದು ಉಳಿಸಿದ ಗೆರೆಗಳು ಮಾತ್ರ.

"ಮತ್ತೆ ನನ್ನ ದೋಣಿ ಎಲ್ಲಿ?"

"ಕಸದ ಬುಟ್ಟೀಲಿ."

ಒಳಗಿಂದ ಅಮ್ಮ ಕೂಗಿದಳು: "ಬಣ್ಣ ಬಳಿಯೋ ಮುಂಚೆ ಒಂದು ಮಾತು ಹೇಳೋಕೆ ನಿನಗೇನೋ ದಾಡಿ?"

"ನನ್ನ ದೋಣಿಗೆ ನಾನು ಬಣ್ಣ ಬಳಿಯೋಕೂ ನಿಮ್ಮ ಅಪ್ಪಣೆ ಬೇಕೇನಕ್ಕಾ?" ಎಂದು ಮಾವ ಇತ್ತ ತಿರುಗಿದರು. "ಇದನ್ನ ತೂಗುಹಾಕಿದ್ರೆ ಯಾರ ದೋಣಿ ಅಂತ ಕೇಳಿ ನಗ್ತಾರಮ್ಮ. ಬೇಡ ಬಿಡು."

ಬೇರೆ ದಿನವಾಗಿದ್ದರೆ ಅವಳು 'ಸರಿ' ಎಂದು ನುಂಗಿಕೊಳ್ಳುತ್ತಿದ್ದಳು. ಇವತ್ತು ಆ ಮಾತು ಗಂಟಲಿಳಿಯಲಿಲ್ಲ.

"ಕಪ್ಪು ಇನ್ನೂ ಬಾಕಿ ಇದೆ. ಹಾಕಿದ ಮೇಲೆ ಬೇಡ ಅನ್ನಿ. ಬನ್ನಿ, ಚಕ್ರ ತಿರುಗಿಸಿ."

ಅವಳ ಬಾಯಿಂದ ಹುಕುಂ ಕೇಳಿಯೇ ಮಾವ ಬೆಪ್ಪಾದರು. ಮಸಿ ಹಚ್ಚಿ ಹಾಳೆ ಹೊದಿಸಿದಳು. ಹಡಗನ್ನು ದಡಕ್ಕೆ ತರುವಷ್ಟೇ ಹದವಾಗಿ ಅವರು ಅಚ್ಚಿನ ಯಂತ್ರದ ಚಕ್ರ ತಿರುಗಿಸಿದರು. ಹಾಳೆ ಎತ್ತಿದಾಗ ಹಗ್ಗ ಬಂತು, ಪಕ್ಕಕ್ಕೆ ಜೋತ ಟಯರುಗಳು ಬಂದವು, ಮೂತಿಯ ಮೇಲಿನ ನೆಗ್ಗೂ ಬಂತು.

ಮಾವನ ಬೆರಳು ಅಲ್ಲೇ ನಿಂತಿತು. "ಆ ಬಿರುಗಾಳೀಲಿ ಎಣ್ಣೆ ಹಡಗು ಗುದ್ದಿದ್ದು... ಇದೂ ಮುಳುಗ್ಲಿಲ್ಲ, ನಾನೂ ಮುಳುಗ್ಲಿಲ್ಲ. ಬಣ್ಣಕ್ಕೆ ಮುಂಚೆ ತಟ್ಟಿಸಿ ನೆಟ್ಟಗೆ ಮಾಡಿಸ್ಬಿಟ್ಟೆನಲ್ಲ."

ಹಾಳೆಯನ್ನು ಅವರೇ ಜೋಪಾನವಾಗಿ ತಂತಿಗೆ ಸಿಕ್ಕಿಸಿದರು. ಆಮೇಲೆ, "ಇದು ನನ್ನ ಚುಕ್ಕಾಣಿ ಪಕ್ಕಕ್ಕೆ. ಕಚೇರಿ ಮೊಳೆಗೆ ಇನ್ನೊಂದು ತೆಗಿ," ಎಂದರು.

ಧೈರ್ಯ ಇನ್ನೂ ಸ್ವಲ್ಪ ಉಳಿದಿತ್ತು. "ಹಸಿರು ನಿಮ್ಮ ದೋಣಿಗೆ ಒಪ್ಪಲ್ಲ ಮಾವ," ಎಂದೂ ಹೇಳಿಬಿಟ್ಟಳು.

"ಈ ಮಾತನ್ನ ನಿನ್ನ ಅತ್ತೆ ಮುಂದೆ ಹೇಳು, ನೋಡೋಣ! ಆರಿಸಿದ್ದು ಅವಳು," ಎಂದು ಮಾವ ಎರಡನೆಯ ಹಾಳೆಗೆ ಚಕ್ರ ಹಿಡಿದರು.