ಹಿಮಕ್ಕೆ ಎರಚಿದ ಉಪ್ಪು

ಮಂಜಗುಣಿಯ ನಾಗಿಗೆ ಗಂಡ ದೂರದಲ್ಲಿದ್ದಾನೆ ಎಂಬ ದುಃಖ ಒಂದು ಕಡೆಯಾದರೆ, ಅಲ್ಲಿ ಕೂತು ಅವನು ಕಾಯುತ್ತಿರುವುದು ಏನನ್ನು ಎಂಬ ಸಿಟ್ಟು ಇನ್ನೊಂದು ಕಡೆ. ಗಡಿ ಕಾಯುತ್ತಿದ್ದರೆ ನಾಲ್ಕು ಜನರೆದುರು ಹೇಳಿಕೊಳ್ಳಬಹುದಿತ್ತು. ಮಾಬ್ಲೇಶ್ವರ ಕಾಯುತ್ತಿದ್ದುದು ಮನಾಲಿ ಕಡೆಯ ಒಂದು ದೊಡ್ಡ ಹೋಟೆಲಿನ ಪಾರ್ಕಿಂಗ್ ಜಾಗವನ್ನು. ಹೋಗಲಿ, ಕಾರುಗಳನ್ನು ಕಾಯುತ್ತಾನೆ ಎಂದುಕೊಳ್ಳೋಣವೆಂದರೆ ಅದೂ ಅಲ್ಲ. ಕಾರುಗಳ ಅಡಿಯ ಡಾಂಬರನ್ನು ಕಾಯುತ್ತಿದ್ದ!

ಅವನು ರೋಲರ್ ಡ್ರೈವರ್. ಹೆದ್ದಾರಿ ಅಗಲ ಮಾಡುವಾಗ ಕಾರವಾರದಿಂದ ಅಂಕೋಲೆಯವರೆಗೆ ಅವನ ರೋಲರ್ ಉರುಳದ ಜಾಗವಿಲ್ಲ. ಆ ಕೆಲಸ ಮುಗಿದ ಮೇಲೆ ಊರಲ್ಲಿ ಕೈ ಖಾಲಿಯಾಯಿತು. ಕಾಂಟ್ರಾಕ್ಟರು ಬೇಸಿಗೆಗೆ ಒಂದು ತಂಡ ಕಟ್ಟಿ ಉತ್ತರಕ್ಕೆ ಕರೆದೊಯ್ದರು. ಥಂಡಿ ದೇಶದಲ್ಲಿ ಬಿಸಿಲಿದ್ದಾಗಲೇ ಡಾಂಬರು ಹಾಕಿ ಮುಗಿಸಬೇಕು, ಇಲ್ಲವಾದರೆ ರೋಲರ್ ಹತ್ತುವ ಮೊದಲೇ ಅದು ಸೆಟೆದುಕೊಳ್ಳುತ್ತದೆ. ದೀಪಾವಳಿಗೆ ತಂಡದವರೆಲ್ಲ ಮನೆಗೆ ಬಂದರು. ಮಾಬ್ಲೇಶ್ವರನೊಬ್ಬ ಬರಲಿಲ್ಲ. ಹೊಸದಾಗಿ ಹಾಕಿದ ಡಾಂಬರನ್ನು ಒಂದು ಚಳಿಗಾಲ ನೋಡಿಕೊಳ್ಳಲು ಕೆಲಸ ಗೊತ್ತಿದ್ದವನೊಬ್ಬ ಬೇಕು ಎಂದು ಹೋಟೆಲಿನವರು ಕೇಳಿದರಂತೆ, ಇವನು ಹೂಂ ಅಂದನಂತೆ.

ನಾಗಿಯನ್ನು ಒಂದು ಮಾತು ಕೇಳದೆ ಹೂಂ ಅಂದದ್ದು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತು. ಅವನಿಲ್ಲದ ಮನೆ ಅವಳಿಗೆ ಸಾಕುಸಾಕಾಗಿತ್ತು. ಅವನು ಜೊತೆಗಿದ್ದಾಗ ಮೈಯಿಂದ ಬರುವ ಡಾಂಬರಿನ ವಾಸನೆಗೆ ಮೂಗು ಮುರಿದವಳೇ ಅವಳು. ಬಾವಿಕಟ್ಟೆಯಲ್ಲಿ ತೆಂಗಿನೆಣ್ಣೆ ಹಚ್ಚಿ ಅವನ ಕೈ ತಿಕ್ಕುತ್ತ, ಈ ಜನ್ಮದಲ್ಲಿ ಇದು ಹೋಗುವುದಿಲ್ಲ ಎಂದು ಬಯ್ಯುತ್ತಿದ್ದಳು. ಮೊನ್ನೆ ಅಂಕೋಲೆ ಬಸ್‌ಸ್ಟ್ಯಾಂಡಿನ ಎದುರು ರಸ್ತೆಯ ಹೊಂಡಕ್ಕೆ ಬಿಸಿ ಡಾಂಬರು ಸುರಿಯುತ್ತಿದ್ದರು. ನಾಗಿ ತರಕಾರಿ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಆ ಹೊಗೆಯಲ್ಲಿ ನಿಂತಳು, ನಿಂತೇ ಇದ್ದಳು. ಮಂಜಗುಣಿಯ ಬಸ್ಸು ಅವಳನ್ನು ಬಿಟ್ಟು ಹೋಯಿತು.

ಅತ್ತೆ ಬೊಮ್ಮುವಿಗೂ ಮಗನ ನೆನಪಾಗುತ್ತಿರಲಿಲ್ಲ ಎಂದಲ್ಲ. ಆದರೆ ಮುದುಕಿ ಅದನ್ನು ತೋರಿಸುವುದು ವಿಚಾರಣೆಯಲ್ಲಿ. ಉಂಡೆಯಾ, ಬಂಗಡೆ ಸಿಗುತ್ತದಾ, ಮಿಂದೆಯಾ, ಎಲ್ಲ ಮುಗಿದ ಮೇಲೆ ಒಂದು ಸಂಜೆ ಸ್ಪೀಕರ್ ಹಾಕಿದ ಫೋನಿನಲ್ಲಿ ಕೇಳಿದಳು:

"ಇಡೀ ದಿನ ಎಂತ ಮಾಡ್ತೆ ಮಾಬ್ಲಾ ಅಲ್ಲಿ?"

"ಹಿಮ ಬಾಚಿ ಹಾಕ್ತೆ ಅವ್ವೀ. ಡಾಂಬರು ಎಲ್ಲಾದ್ರೂ ಬಿರಿದದ್ಯಾ ನೋಡ್ತೆ. ಬಿರುಕಲ್ಲಿ ನೀರು ಇಳಿದ್ರೆ ಅದೇ ಐಸಾಗಿ ಉಬ್ತದೆ, ಡಾಂಬರು ಹಪ್ಪಳ ಮುರಿದಂಗೆ ಮುರೀತದೆ. ಮತ್ತೆ ಬೆಳಿಗ್ಗೆ ಎದ್ದು ಉಪ್ಪು ಎರಚೂದು."

"ಉಪ್ಪು? ಎಲ್ಲಿಗೆ?"

"ನೆಲಕ್ಕೆ. ಉಪ್ಪು ಬಿದ್ರೆ ಐಸು ಕರಗ್ತದೆ. ಇಲ್ದಿದ್ರೆ ಜನ ಜಾರಿ ಬೀಳ್ತ್ರು."

"ಮತ್ತೆ ಅದ್ರ ಮೇಲೆ ಓಡಾಡ್ತ್ರ್ಯಾ? ನೀನೂ?"

ಮಾಬ್ಲೇಶ್ವರ ನಕ್ಕ. ನಗಬಾರದಿತ್ತು. ಬೊಮ್ಮುವಿನ ಮನೆಯಲ್ಲಿ ಒಂದು ಚಿಟಿಕೆ ಉಪ್ಪು ಚೆಲ್ಲಿದರೂ ಅದನ್ನು ಬಳಿದು ನೀರಿಗೆ ಬಿಡುವ ತನಕ ಯಾರೂ ಕಾಲು ಕದಲಿಸುವಂತಿಲ್ಲ. ಉಪ್ಪು ತುಳಿದವರು ಸತ್ತ ಮೇಲೆ ಅದರ ಒಂದೊಂದು ಕಾಳನ್ನೂ ಕಣ್ಣಿನ ರೆಪ್ಪೆಯಿಂದ ಹೆಕ್ಕಬೇಕು. ಇದು ಅವಳ ಅವ್ವಿ ಅವಳಿಗೆ ಹೇಳಿದ್ದು, ಅವಳು ಮಗನಿಗೆ ಎದೆಹಾಲಿನ ಜೊತೆ ಕುಡಿಸಿದ್ದು.

"ಮೂಟೆಗಟ್ಲೆ ಉಪ್ಪು! ಎಷ್ಟು ಜನ್ಮದ ರೆಪ್ಪೆ ತತ್ತೆ ನೀನು?"

"ಸಾಣಿಕಟ್ಟೆ ಉಪ್ಪಿನಾಗರದಲ್ಲಿ ಜನ ಉಪ್ಪು ತುಳೂದಿಲ್ವೇ ಅವ್ವೀ?"

"ಅವ್ರು ಬೆಳೂವ್ರು. ಬೆಳೂವ್ರು ಗದ್ದೆ ತುಳೀಲೇಬೇಕು. ಬೆಳದ ಅಕ್ಕಿ ಯಾರಾದ್ರೂ ತುಳೀತ್ರ್ಯಾ?"

ಮಾಬ್ಲೇಶ್ವರ ಸೋತು, "ನಿಂಗೆ ಅಷ್ಟು ಬೇಜಾರಾದ್ರೆ ಬಿಟ್ಟು ಬತ್ತೆ, ಆಯ್ತಾ" ಅಂದ.

ಬಿಟ್ಟು ಬತ್ತೆ! ಒಲೆಯ ಮುಂದೆ ಕೂತಿದ್ದ ನಾಗಿಯ ಕೈಯಲ್ಲಿ ಸೌಟು ನಿಂತಿತು. ತಾನು ಅತ್ತು ಕರೆದರೂ ಬಾಯಿಂದ ಹೊರಡದ ಮಾತು ಉಪ್ಪಿನ ದೆಸೆಯಿಂದ ಹೊರಟಿತಲ್ಲ! ಅಂದಿನಿಂದ ಅವಳು ಅತ್ತೆಯ ಪಕ್ಷ. ಹುಟ್ಟಿದಾರಭ್ಯ ಉಪ್ಪಿನ ಪಾಪದ ಬಗ್ಗೆ ತಲೆ ಕೆಡಿಸಿಕೊಳ್ಳದವಳು ದಿನಾ ಫೋನಿನಲ್ಲಿ, "ಅವ್ವಿಗೆ ಅನ್ನ ಸೇರೂದಿಲ್ಲ, ನೀವು ಉಪ್ಪು ತುಳೀತ್ರಿ ಅಂತ ಒಬ್ರೇ ಕುಂತ್ಕಂಡು ಗೊಣಗ್ತ್ರು" ಎಂದು ಒಂದಕ್ಕೆ ಎರಡು ಸೇರಿಸತೊಡಗಿದಳು. ಅತ್ತೆ ಗಡದ್ದಾಗಿ ಉಣ್ಣುತ್ತಿದ್ದಳು. ಆದರೇನು, ಗಂಡನನ್ನು ಕರೆಸಿಕೊಳ್ಳಲು ಒಂದು ಸುಳ್ಳು ಹೇಳಿದರೆ ವೆಂಕಟ್ರಮಣ ದೇವರು ಮುನಿಯುವುದಿಲ್ಲ ಎಂದು ನಾಗಿಗೆ ಧೈರ್ಯವಿತ್ತು.

ಮಾಬ್ಲೇಶ್ವರ ಬರಲಿಲ್ಲ. ಬದಲಿಗೆ ಒಂದು ಬೆಳಿಗ್ಗೆ ವಿಡಿಯೋ ಕಾಲ್ ಮಾಡಿದ. ಫೋನು ಹಿಡಿದವನು ಅದೇ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ, ಕಾರವಾರ ಕಡೆಯ ತೋಡೂರಿನ ರೂಪೇಶ. ಎದುರಿಗೆ ಬೆಳ್ಳಗಿನ ಗುಡ್ಡಗಳು, ನಡುವೆ ಕಪ್ಪಗೆ ಹೊಳೆಯುವ ಬಯಲು. ಕಂಬಳಿ ಕೋಟು ತೊಟ್ಟು ಕರಡಿಯ ಹಾಗೆ ಕಾಣುತ್ತಿದ್ದ ಮಾಬ್ಲೇಶ್ವರ ಬಕೆಟ್ಟು ಹಿಡಿದು ಹಿಂದೆ ಹಿಂದೆ ಹೆಜ್ಜೆಯಿಡುತ್ತಿದ್ದ. ಮುಂದೆ ಉಪ್ಪು ಎರಚುವುದು, ಒಂದು ಹೆಜ್ಜೆ ಹಿಂದೆ ಸರಿಯುವುದು, ಮತ್ತೆ ಎರಚುವುದು. ಗದ್ದೆಯಲ್ಲಿ ನಟ್ಟಿ ಮಾಡುವ ಹೆಂಗಸರು ಸರಿಯುತ್ತಾರಲ್ಲ, ಥೇಟ್ ಹಾಗೆ.

"ಕಂಡ್ಯಾ ಅವ್ವೀ? ಒಂದು ಕಾಳೂ ಕಾಲಿಗೆ ತಾಗೂದಿಲ್ಲ! ಇನ್ನು ದಿನಾ ಹೀಂಗೇ, ಮಾತು ಕೊಟ್ಟೆ."

ಬೊಮ್ಮು ಬೊಚ್ಚು ಬಾಯಿ ತುಂಬ ನಕ್ಕು, "ನನ್ನ ಮಗ!" ಅಂದಳು. ನಾಗಿಗೆ ಮಾತ್ರ ಅಳು ಬಂತು. ಬರದಿರಲು ಇಷ್ಟೊಂದು ಜಾಣತನ ಖರ್ಚು ಮಾಡುತ್ತಾನಲ್ಲ, ಅದರಲ್ಲಿ ಅರ್ಧ ಬರುವುದಕ್ಕೆ ಮಾಡಬಾರದಿತ್ತೇ ಎಂದು.

ಅದಾಗಿ ಒಂದು ವಾರ ಕಳೆದಿರಬೇಕು, ರೂಪೇಶನೇ ಫೋನ್ ಮಾಡಿದ. ಗಾಬರಿಯಾಗಬೇಡಿ ಅಕ್ಕಾ ಎಂದೇ ಶುರುಮಾಡಿದ್ದರಿಂದ ನಾಗಿಯ ಜೀವವೇ ಹಾರಿತು. ಹಿಂದೆ ನಡೆಯುವವನ ಕಾಲು ಬೀಳುವುದು ಉಪ್ಪಿಲ್ಲದ ಐಸಿನ ಮೇಲೆ. ಇದನ್ನು ಯಾರೂ ಯೋಚಿಸಿರಲಿಲ್ಲ, ಅವನೂ ಯೋಚಿಸಿರಲಿಲ್ಲ. ಮಾಬ್ಲೇಶ್ವರ ಮಗುಚಿ ಬಿದ್ದು ತಲೆಯ ಹಿಂಬದಿಗೆ ಹೊಲಿಗೆ ಬಿದ್ದಿತ್ತು. ಎಷ್ಟೋ ಹೊತ್ತು ಎಚ್ಚರವಿರಲಿಲ್ಲವಂತೆ.

ಬೊಮ್ಮು ಗೋಡೆಗೆ ಮುಖ ಮಾಡಿ ಮಲಗಿದಳು. ನಾಗಿ ಹೇಳಿದ್ದ ಸುಳ್ಳು ನಿಜವಾಯಿತು, ಅತ್ತೆ ಈಗ ಅನ್ನ ಮುಟ್ಟಲೇ ಇಲ್ಲ. ನಾಗಿ ಅವಳನ್ನು ಸಮಾಧಾನ ಮಾಡಲೂ ಆಗದೆ, ತನ್ನ ಪಾಲಿನ ತಪ್ಪನ್ನು ನುಂಗಲೂ ಆಗದೆ ಒಳಗೂ ಹೊರಗೂ ಅಲೆದಳು.

ಮಾಬ್ಲೇಶ್ವರ ಮಾತಾಡುವಷ್ಟು ಚೇತರಿಸಿಕೊಂಡ ದಿನ ಅವಳು ಫೋನು ಹಿಡಿದು ಹೊಳೆ ಸಮುದ್ರ ಸೇರುವ ಅಳಿವೆಯ ದಂಡೆಗೆ ಹೋದಳು. ಇಳಿತದ ಹೊತ್ತು, ಕೆಸರಿನಲ್ಲಿ ಹೆಂಗಸರು ಚಿಪ್ಪಿಕಲ್ಲು ಹೆಕ್ಕುತ್ತಿದ್ದರು.

"ಇನ್ನಾದ್ರೂ ಬತ್ರೋ ಇಲ್ವೋ?"

"ನಾಳೆಯಿಂದ ಕೆಲ್ಸಕ್ಕೆ ಹೋತೆ" ಅಂದ. ದನಿ ತೆಳ್ಳಗಿತ್ತು. "ಸಿಟ್ಟು ಮಾಡ್ಬೇಡ ನಾಗೀ, ಒಂದು ಮಾತು ಕೇಳು. ನಾ ಇಷ್ಟು ವರ್ಷ ರೋಲರ್ ಹೊಡದೆ. ಹೊಡೂದು, ಮುಂದಿನ ಊರಿಗೆ ಹೋಗೂದು. ಮಳೆಗೆ ಅದು ಉಳೀತೋ ಹಾಳಾಯ್ತೋ, ಒಂದನ್ನೂ ನಿಂತು ನೋಡ್ಲಿಲ್ಲ. ಇದೊಂದು ಪಾರ್ಕಿಂಗ್ ನಾನೇ ನೆಲ ಸಮ ಮಾಡಿ, ನೀರು ಹೋಗೂಕೆ ಇಳಿಜಾರು ಕೊಟ್ಟು ಮಾಡದ್ದು. ಒಂದು ಚಳಿಗಾಲ ದಾಟ್ಸಿ ನೋಡ್ಬೇಕು ಅಂತ ಅದೆ. ದಾಟಿದ್ರೆ ಬತ್ತೆ."

ಹೆಂಡತಿಗಿಂತ ನೆಲ ಹೆಚ್ಚಾಯಿತೇ ಎಂದು ಕೇಳಲು ನಾಗಿ ಬಾಯಿ ತೆರೆದಳು. ಆದರೆ ಅವನು ಹೀಗೆ ಬೇಡುವ ದನಿಯಲ್ಲಿ ಅವಳ ಹತ್ತಿರ ಯಾವತ್ತೂ ಮಾತಾಡಿರಲಿಲ್ಲ. ಬಾ ಎಂದು ಹಟ ಹಿಡಿದರೆ ಬಂದಾನು. ಬಂದು ಜಗಲಿಯ ಮೇಲೆ ಕೂತು, ಅಲ್ಲಿ ಆ ಡಾಂಬರು ಬಿರಿಯಿತೋ ಏನೋ ಎಂದು ಉತ್ತರಕ್ಕೆ ನೋಡುತ್ತಾನೆ.

"ಉಪ್ಪು ಹ್ಯಾಂಗೆ ಎರಚ್ತ್ರಿ ನಾಳೆ?" ಎಂದು ಕೇಳಿದಳು.

"ಹಿಂದೇ ನಡೀತೆ. ನಿಧಾನ ನಡೀತೆ. ಅವ್ವಿಗೆ ಮಾತು ಕೊಟ್ಟದ್ದಲ್ವೇ."

ನಾಗಿ ಕಣ್ಣು ಮುಚ್ಚಿದಳು. ಅವನನ್ನು ಮನೆಗೆ ಎಳೆಯಲು ಅವಳ ಕೈಯಲ್ಲಿದ್ದ ಹಗ್ಗ ಆ ಉಪ್ಪಿನ ಪಾಪವೊಂದೇ.

"ಮುಂದೆ ನಡೀರಿ. ಉಪ್ಪು ತುಳೀರಿ" ಅಂದಳು.

"ಎಂತ?"

"ತುಳೀರಿ. ಗಟ್ಟಿ ಕಾಲೂರಿ ತುಳೀರಿ. ಅವ್ವಿಗೆ ನಾ ಹೇಳ್ತೆ."

"ಮತ್ತೆ ಆ ಪಾಪ?" ಮಾಬ್ಲೇಶ್ವರ ತಮಾಷೆಗೆ ಕೇಳಿದನೋ ಹೆದರಿ ಕೇಳಿದನೋ, ಅವಳಿಗೆ ತಿಳಿಯಲಿಲ್ಲ.

"ಅಷ್ಟು ಉಪ್ಪು ನಿಮ್ಮೊಬ್ಬರ ರೆಪ್ಪೆಗೆ ಮುಗೀತದ್ಯಾ? ಸತ್ತ ಮೇಲೆ ನಾನೂ ಬತ್ತೆ ಹೆಕ್ಕೂಕೆ. ಇಲ್ಲಂತೂ ಆಗ್ಲಿಲ್ಲ. ಅಲ್ಲಾದ್ರೂ ಇಬ್ರೂ ಒಂದೇ ಕಡೆ ಕುಂತ್ಕಂಡಿರ್‍ವ."