ಒಳಗೆ ಯಾರೋ ಇದ್ದಾರೆ

ಆರು ಮಂದಿ ಸೇರಿ ನಡೆಸಿದ ಚಿತ್ರಪ್ರದರ್ಶನದಲ್ಲಿ ಅಕ್ಕನ ಮುದ್ದಿನ ತಮ್ಮನ ಪಾಲಿಗೆ ಬಂದದ್ದು ಹಿಂಬದಿಯ ಗೋಡೆ. ಒಂದು ಪಕ್ಕ ಬೆಂಕಿ ಆರಿಸುವ ಕೆಂಪು ಸಿಲಿಂಡರು, ಇನ್ನೊಂದು ಪಕ್ಕ ಶೌಚಾಲಯದ ಬಾಗಿಲು, ನಡುವೆ ಬಡಪಾಯಿ ತಮ್ಮನ ಕ್ಯಾನ್ವಾಸು. "ಅಲ್ಲಿ ಬೆಳಕು ತುಂಬಾ ಶಾಂತವಾಗಿದೆ ಸರ್" ಎಂದು ಗ್ಯಾಲರಿಯ ಒಡತಿ ಸಮಜಾಯಿಷಿ ಕೊಟ್ಟಿದ್ದಳು. ಶಾಂತವಾಗಿಯೇ ಇತ್ತು. ಎರಡು ದೀಪಗಳಲ್ಲಿ ಒಂದು ಕೆಟ್ಟುಹೋಗಿತ್ತು.

ಅಕ್ಕನಿಗೆ ತಮ್ಮನ ಚಿತ್ರಗಳ ತಲೆಬುಡ ಅರ್ಥವಾಗುತ್ತಿರಲಿಲ್ಲ. ಚೆಲ್ಲಿದ ಬಣ್ಣವನ್ನು ಒರೆಸಬೇಕೇ ಹೊರತು ಚೌಕಟ್ಟು ಹಾಕಿ ತೂಗುಹಾಕಬಾರದು ಎಂಬುದು ಅವಳ ಖಚಿತ ಅಭಿಪ್ರಾಯ. ಈ ಚಿತ್ರವಂತೂ ಮೇಲಿನಿಂದ ಕೆಳಗಿನವರೆಗೆ ಬರೀ ಕಂದು, ಬುಡದಲ್ಲಿ ಒಂದು ಹಳದಿ ಗೆರೆ. "ಇದೇನೋ?" ಎಂದು ಕೇಳಿದ್ದಕ್ಕೆ "ಅದು ಹಾಗೇ ಅಕ್ಕ" ಎಂದಿದ್ದ. "ಹಾಗೇ ಅಂದ್ರೆ?" "ಹಾಗೇ ಅಂದ್ರೆ ಹಾಗೇ."

ಆದರೆ ಬೆಳಿಗ್ಗೆ ಅವನಾಡಿದ ಇನ್ನೊಂದು ಮಾತು ಅವಳ ಕಿವಿಯಲ್ಲೇ ಕೂತಿತ್ತು. "ಈ ಸಲಾನೂ ಯಾರೂ ನಿಂತು ನೋಡ್ಲಿಲ್ಲ ಅಂದ್ರೆ ಮುಗೀತು. ನಾಳೆಯಿಂದ ಭಾವನ ಅಂಗಡೀಲಿ ಕೂತ್ಕೋತೀನಿ." ಭಾವನದು ನಲ್ಲಿ, ಸಿಂಕು, ಕಮೋಡುಗಳ ಅಂಗಡಿ. ಭಾವ ಒಳ್ಳೆಯ ಮನುಷ್ಯ; ಬಾಮೈದನಿಗೆಂದು ಆಗಲೇ ಗಾಲಿಯ ಕುರ್ಚಿಯೊಂದನ್ನು ತಂದಿಟ್ಟಿದ್ದ. ಆ ಕುರ್ಚಿಯಲ್ಲಿ ತಮ್ಮ ನೊಣ ಹೊಡೆಯುತ್ತಾ ಕೂತಿರುವುದನ್ನು ಅಕ್ಕನಿಗೆ ನೆನೆಯಲೂ ಆಗುತ್ತಿರಲಿಲ್ಲ. ಚಿತ್ರ ಹೇಗಾದರೂ ಇರಲಿ, ಬಣ್ಣ ಬಿಟ್ಟರೆ ಇವನು ಇವನಾಗಿ ಉಳಿಯುವುದಿಲ್ಲ.

ಸಂಜೆ ಜನರೇನೋ ಬಂದರು. ಬಂದವರೆಲ್ಲ ಮುಂಬಾಗಿಲಿನ ಎದುರಿದ್ದ ಗಡ್ಡದ ಕಲಾವಿದನ ಗೋಡೆಗೆ ಮುತ್ತಿಕೊಂಡರು. ತಮ್ಮ ಸಿಲಿಂಡರಿನ ಪಕ್ಕ ಇನ್ನೊಂದು ಸಿಲಿಂಡರಿನಂತೆ ನಿಂತೇ ಇದ್ದ. ನೋಡಲಾರದೆ ಅಕ್ಕ ಶೌಚಾಲಯಕ್ಕೆ ಹೋದಳು. ಇಡೀ ಗ್ಯಾಲರಿಗೆ ಇದ್ದದ್ದು ಅದೊಂದೇ.

ಹೊರಗೆ ಬಂದಾಗ ಬಾಗಿಲ ಮುಂದೆ ಮೂವರು ಕಾಯುತ್ತಿದ್ದರು. ನೋಡಲು ಬೇರೇನೂ ಇಲ್ಲದ್ದರಿಂದ ಮೂವರೂ ತಮ್ಮನ ಚಿತ್ರವನ್ನೇ ನೋಡುತ್ತಿದ್ದರು! "ಈ ಹಳದಿ ಚೆನ್ನಾಗಿದೆ ಅಲ್ವಾ?" ಎಂದಳು ಒಬ್ಬಳು. ಸಿಲಿಂಡರಿನ ಪಕ್ಕ ತಮ್ಮನ ಮುಖ ಅರಳಿತು. ಮೂವರೂ ಒಬ್ಬೊಬ್ಬರಾಗಿ ಒಳಗೆ ಹೋಗಿಬಂದು ಚದುರಿದರು, ಅವನ ಮುಖ ಮತ್ತೆ ಬಾಡಿತು.

ಅಕ್ಕ ಆಚೀಚೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಒಳಗೆ ನುಗ್ಗಿದಳು. ಚಿಲಕ ಹಾಕಿ, ಕಮೋಡಿನ ಮುಚ್ಚಳ ಕೆಳಗಿಳಿಸಿ, ಅದರ ಮೇಲೆ ಮದುವೆಮನೆಯ ಬೀಗಿತ್ತಿಯಂತೆ ಗಟ್ಟಿಯಾಗಿ ಕೂತಳು.

ಬಾಗಿಲನ್ನು ನೆಲದಿಂದ ನಾಲ್ಕು ಬೆರಳು ಮೇಲಕ್ಕೇ ಕೊಯ್ದಿದ್ದರು. ಗಂಡ ನೋಡಿದ್ದರೆ ಮೂಗು ಮುರಿಯುತ್ತಿದ್ದ. ಅಕ್ಕನಿಗೆ ಮಾತ್ರ ಅದು ಕಿಟಕಿಯಾಯಿತು. ಮೊದಲು ಒಂದು ಜೊತೆ ಬೂಟು ಬಂತು, ಆಮೇಲೆ ಯಾರದೋ ಸವೆದ ಸ್ಯಾಂಡಲ್, ಅದರ ಹಿಂದೆ ಕೆಂಪು ಹೈಹೀಲ್ಸು. ಹೈಹೀಲ್ಸಿನವಳು ಫೋನಿನಲ್ಲಿ "ಆ ದವಡೆಹಲ್ಲು ನಾಳೆ ಕೀಳೋಣ" ಎನ್ನುತ್ತಿದ್ದಳು. ಹಲ್ಲಿನ ಡಾಕ್ಟರ್ ಎಂದು ಅಕ್ಕನಿಗೆ ಗೊತ್ತಾಯಿತು.

"ಒಳಗೆ ಯಾರೋ ಇದ್ದಾರೆ" ಎಂದಿತು ಬೂಟು.

"ಇದ್ದಾರೋ, ಮನೆ ಮಾಡ್ಕೊಂಡಿದ್ದಾರೋ?" ಎಂದಿತು ಸ್ಯಾಂಡಲ್.

ಕಾಯುವವರು ಎಷ್ಟು ಹೊತ್ತು ಸುಮ್ಮನಿದ್ದಾರು? ಮಾತು ಚಿತ್ರದತ್ತ ಹೊರಳಿತು. ಬೂಟಿಗೆ ಅದು ಮರಳುಗಾಡಿನ ಸೂರ್ಯಾಸ್ತದಂತೆ ಕಂಡಿತು. ಅಲ್ಲವೇ ಅಲ್ಲ, ಉತ್ತ ಹೊಲ ಎಂದಿತು ಸ್ಯಾಂಡಲ್. ಇಷ್ಟು ದಿನ ಅದನ್ನು ಬೆಡ್‌ಶೀಟು ಎಂದುಕೊಂಡಿದ್ದ ಅಕ್ಕ ಕಿವಿ ನೆಟ್ಟಗೆ ಮಾಡಿ ಕೇಳಿದಳು. ಹಿಂದೆ ಇನ್ನಷ್ಟು ಕಾಲುಗಳು ಸೇರಿಕೊಂಡವು. ಸಾಲು ಕಂಡರೆ ಏನೋ ವಿಶೇಷವಿದೆ ಎಂದು ನಿಲ್ಲುವವರೂ ಇರುತ್ತಾರಲ್ಲ, ಅವರೂ ಬಂದರು. ಯಾರೋ ಬಾಗಿಲು ಬಡಿದರು. ಅಕ್ಕ ದೊಡ್ಡದಾಗಿ ಕೆಮ್ಮಿ, ನಂಬಿಕೆ ಬರಲೆಂದು ನಲ್ಲಿ ಬಿಟ್ಟಳು.

ಆಗ ಸಂದಿಯಲ್ಲಿ ನೀಲಿ ಬಣ್ಣದ ಕಲೆಗಳಿದ್ದ ಚಪ್ಪಲಿ ಕಾಣಿಸಿತು. ತಮ್ಮ!

"ಇದನ್ನ ಬರೆದಿದ್ದು ನೀವೇನಾ?" ಡಾಕ್ಟರ್ ದನಿಯಲ್ಲಿ ಅವಸರವಿತ್ತು. "ಆಗ್ಲಿಂದ ಇದನ್ನೇ ನೋಡ್ತಿದ್ದೀನಿ. ಕಲೆ ಮೇಲಿನ ಪ್ರೀತಿಯಿಂದ ಅಲ್ಲ, ಸುಳ್ಳು ಯಾಕೆ ಹೇಳ್ಲಿ. ಇದೇನು ಅಂತ ನೇರವಾಗಿ ಹೇಳ್ಬಿಡಿ. ಸುತ್ತಿ ಬಳಸಿ ಹೇಳೋಕೆ ಹೋಗ್ಬೇಡಿ, ನನ್ನ ಕೈಲಿ ತಡ್ಕೊಳೋಕಾಗಲ್ಲ."

ತಮ್ಮ ಚಪ್ಪಲಿಯ ತುದಿಯಿಂದ ನೆಲ ಕೆರೆದ. ಆಮೇಲೆ "ಬಾಗಿಲು" ಎಂದ. "ಬಚ್ಚಲುಮನೆ ಬಾಗಿಲು."

ಇಡೀ ಸಾಲು ಗೊಳ್ಳೆಂದು ನಕ್ಕಿತು. ತಮ್ಮನೂ ನಕ್ಕಿರಬೇಕು.

"ಅಮ್ಮ ಹೋದಾಗ ನಾನು ಚಿಕ್ಕವನು. ಅಕ್ಕನೇ ಸಾಕಿದ್ದು. ನನ್ನೆದುರು ಒಂದು ದಿನಾನೂ ಕಣ್ಣೀರು ಹಾಕ್ಲಿಲ್ಲ. ಕೆಲಸ ಎಲ್ಲ ಮುಗಿದ ಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೊಂಡು ನಲ್ಲಿ ಬಿಡ್ತಿದ್ಲು. ಆ ಸದ್ದಲ್ಲಿ ಅಳೋದು ಕೇಳಿಸಲ್ಲ ಅಂದ್ಕೊಂಡಿದ್ಲು. ನಾನು ಹೊರಗೆ ಕತ್ತಲಲ್ಲಿ ನಿಂತಿರ್ತಿದ್ದೆ. ಈ ಹಳದಿ ಇದೆಯಲ್ಲ, ಅದು ಬಾಗಿಲ ಕೆಳಗಿನ ಬೆಳಕು. ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ."

ಒಳಗೆ ನಲ್ಲಿ ಇನ್ನೂ ಸುರಿಯುತ್ತಲೇ ಇತ್ತು. ಅಕ್ಕನ ಕಣ್ಣುಗಳೂ ಸುರಿಯುತ್ತಿದ್ದವು. ಅವಳು ತಡವರಿಸಿ ಕೈಚಾಚಿ ನಲ್ಲಿ ನಿಲ್ಲಿಸಿದಳು; ಬಿಕ್ಕುವ ಸದ್ದು ಮಾತ್ರ ನಿಲ್ಲಲಿಲ್ಲ.

"ಅಕ್ಕಾ?" ಎಂದ ತಮ್ಮ.

"ಯಾರ ಅಕ್ಕನಾದ್ರೂ ಆಗ್ಲಿ, ಮೊದ್ಲು ಹೊರಗೆ ಬರ್ಲಿ!" ಎಂದು ಡಾಕ್ಟರ್ ಚೀರಿದಳು.

ಅಕ್ಕ ಮುಖ ತೊಳೆದು, ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ಡಾಕ್ಟರ್ ಅವಳನ್ನು ಪಕ್ಕಕ್ಕೆ ಸರಿಸಿ ಒಳಗೆ ಹಾರಿದಳು. ಸಾಲಿನವರೆಲ್ಲ ಕೆಂಗಣ್ಣು ಬಿಡುತ್ತಿದ್ದರು. ಅಕ್ಕ ಯಾರನ್ನೂ ಲೆಕ್ಕಕ್ಕಿಡಲಿಲ್ಲ. ನೆಟ್ಟಗೆ ಚಿತ್ರದ ಮುಂದೆ ನಿಂತು, ಜೀವಮಾನದಲ್ಲಿ ಮೊದಲ ಸಲ ತಮ್ಮನ ಚಿತ್ರವನ್ನು ಕಣ್ತುಂಬ ನೋಡಿದಳು.

"ತಪ್ಪು ಬರೆದಿದ್ದೀಯ" ಎಂದಳು.

ತಮ್ಮ ಪೆಚ್ಚಾದ. "ಏನು ತಪ್ಪು?"

"ಈ ಹಳದೀಲಿ ಕಾಲ್ಬೆರಳೇ ಇಲ್ಲ."

"ಯಾರ ಕಾಲ್ಬೆರಳು?"

"ನಿಂದೇ ಕಣೋ. ಒಳಗಿಂದ ಕಾಣ್ತಿತ್ತು. ತಣ್ಣನೆ ನೆಲ, ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತಿರ್ತಿದ್ವು. ಇವನಿಗೆ ಶೀತ ಆಗುತ್ತೆ ಅಂತ ಮುಖ ತೊಳ್ಕೊಂಡು ಬಂದ್ಬಿಡ್ತಿದ್ದೆ. ಇಲ್ಲದಿದ್ರೆ ಆ ಚಿಲಕ ತೆಗೀತಾನೇ ಇರ್ಲಿಲ್ಲ."

ತಲೆ ನರೆತ ಗಂಡಸು, ಆರು ಕಲಾವಿದರಲ್ಲೊಬ್ಬ, ಸಿಲಿಂಡರನ್ನು ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತ.

ಚಿಲಕ ತೆರೆಯಿತು. ಡಾಕ್ಟರ್ ಬೇರೆಯೇ ವ್ಯಕ್ತಿಯಾಗಿ ಹೊರಬಂದಳು. "ಈ ಬಾಗಿಲು ಹಪ್ಪಳದ ಹಾಗಿದೆ, ನಿಮ್ಮ ಮಾತೆಲ್ಲ ಕೇಳಿಸ್ತು" ಎಂದು ಕಣ್ಣೊರೆಸಿಕೊಂಡಳು. "ಚಿತ್ರ ನನಗಿರ್ಲಿ. ಕ್ಲಿನಿಕ್ಕಲ್ಲಿ ಕಾಯೋರ ಎದುರಿಗೆ ಹಾಕ್ತೀನಿ. ನಮ್ಮಲ್ಲೂ ಒಳಗಿರೋರು ಅಳ್ತಿರ್ತಾರೆ, ಹೊರಗಿರೋರು ಕೇಳಿಸ್ಕೊಂಡು ಕೂತಿರ್ತಾರೆ."

ಸಂಜೆಯೆಲ್ಲ ಈ ಕಡೆ ತಲೆಹಾಕದ ಒಡತಿ, ಮಾರಾಟವಾದ ಚಿತ್ರಕ್ಕೆ ಅಂಟಿಸುವ ಕೆಂಪು ಚುಕ್ಕಿ ಹಿಡಿದು ಓಡೋಡಿ ಬಂದಳು. ಗದ್ದಲ ಕೇಳಿ, ಅಂಗಡಿ ಮುಚ್ಚಿ ಆಗಷ್ಟೇ ಗ್ಯಾಲರಿಗೆ ಕಾಲಿಟ್ಟಿದ್ದ ಭಾವನೂ ಬಂದ. ಬಂದವನು ಮೊದಲು ಬಾಗಿಲಿನ ಸಂದಿ ನೋಡಿ ಮೂಗು ಮುರಿದ. ಆಮೇಲೆ ಹೆಂಡತಿಯ ಮುಖ ನೋಡಿ, "ಹಾಗಾದ್ರೆ ಆ ಹೊಸ ಕುರ್ಚಿ?" ಎಂದು ಮೆಲ್ಲಗೆ ಕೇಳಿದ.

"ಮನೆಗೆ ತನ್ನಿ ರೀ. ಇವನು ಅದರ ಮೇಲೆ ಕೂತು ಬರೀಲಿ."

ತಮ್ಮ ಮೂಗೊರೆಸಿಕೊಳ್ಳುತ್ತಾ ಚಿತ್ರವನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿದ. "ಅಕ್ಕಾ, ಇದನ್ನ ಕೊಟ್ಬಿಡ್ಲಾ?"

"ಕೊಡು. ಇನ್ನೊಂದು ಬರಿ, ಈ ಸಲ ಒಳಗಿಂದ" ಎಂದಳು ಅಕ್ಕ. "ಬೆರಳು ಮಾತ್ರ ಮರೀಬೇಡ."