ಕಣದಲ್ಲಿ ಕಟ್ಟಿದ ದಾರ

ಕಾರಿನ ಚಕ್ರಗಳನ್ನು ನೇರಕ್ಕೆ ತರುವ ಅಲೈನ್‌ಮೆಂಟ್ ಮಾಡಿಸಲು ನಾನು ಅಂಗಡಿಗೆ ಹೋಗುವವನಲ್ಲ. ಹತ್ತು ವರ್ಷದ ಹಿಂದೆ ಚಿಕ್ಕಮಗಳೂರಿನ ಒಂದು ಅಂಗಡಿಯಲ್ಲಿ ಚಕ್ರಕ್ಕೆ ಮೆಷಿನ್ ಸಿಕ್ಕಿಸಿ, ಬಣ್ಣದ ಕಾಗದವೊಂದನ್ನು ಕೈಗೆ ಕೊಟ್ಟು ಕಳಿಸಿದ್ದರು. ಕೊಟ್ಟಿಗೆಹಾರ ಮುಟ್ಟುವುದರೊಳಗೆ ಕಾರು ಮತ್ತೆ ಎಡಕ್ಕೆ ಎಳೆಯತೊಡಗಿತ್ತು. ಅಂದಿನಿಂದ ಆ ಕೆಲಸ ನನ್ನ ಮನೆಯಲ್ಲೇ. ಕಳಸದ ಈ ಗುಡ್ಡಗಳಲ್ಲಿ ಕಾರು ನಿಲ್ಲಿಸಿ ಅಳತೆ ನೋಡುವಷ್ಟು ಸಮತಟ್ಟಾದ ಜಾಗ ಎಂದರೆ ಕಾಫಿ ಒಣಗಿಸುವ ಕಣ ಒಂದೇ.

ಕೆಲಸ ದೊಡ್ಡದೇನಲ್ಲ. ಸ್ಟಿಯರಿಂಗ್ ನೇರ ಇಟ್ಟು ಟವೆಲಿನಿಂದ ಸೀಟಿಗೆ ಬಿಗಿಯಬೇಕು. ಸಿಮೆಂಟಿನ ಕಣದಲ್ಲಿ ಗೂಟ ಹೊಡೆಯಲಾಗುವುದಿಲ್ಲವಾದ್ದರಿಂದ ಮಣ್ಣು ತುಂಬಿದ ಬಕೆಟಿಗೆ ಕಬ್ಬಿಣದ ಸರಳು ನೆಟ್ಟು, ಕಾರಿನ ಹಿಂದೊಂದು ಮುಂದೊಂದು ಇಟ್ಟು, ನಡುವೆ ಗಾರೆಯವರ ನೈಲಾನ್ ದಾರ ಬಿಗಿಯಬೇಕು. ದಾರ ಹಿಂದಿನ ಟೈರಿಗೆ ತಾಗಿಯೂ ತಾಗದಂತೆ ಹಾದು ಮುಂದಿನ ಟೈರಿನ ಪಕ್ಕಕ್ಕೆ ಹೋಗುತ್ತದೆ. ಅಲ್ಲಿ ದಾರಕ್ಕೂ ಚಕ್ರಕ್ಕೂ ನಡುವೆ ಎಷ್ಟು ಸಂದು ಇದೆ ಎಂದು ನೋಡುವುದು. ಹೆಚ್ಚುಕಡಿಮೆ ಇದ್ದರೆ ಕಾರಿನಡಿ ಮಲಗಿ, ಮುಂದಿನ ಚಕ್ರವನ್ನು ತಿರುಗಿಸುವ ಟೈ ರಾಡಿನ ನಟ್ಟು ಸಡಿಲಿಸಿ, ರಾಡನ್ನು ಕಾಲು ಸುತ್ತೋ ಅರ್ಧ ಸುತ್ತೋ ತಿರುಗಿಸುವುದು. ಎಲ್ಲ ಸೇರಿ ಒಂದೆರಡು ಮಿಲಿಮೀಟರಿನ ಲೆಕ್ಕ.

ಆ ಒಂದೆರಡು ಮಿಲಿಮೀಟರ್ ನೋಡುವವಳು ನನ್ನ ಹೆಂಡತಿ ಅರುಣಾ. ನನಗೆ ಐವತ್ತೆಂಟು. ಕನ್ನಡಕವಿಲ್ಲದೆ ಸ್ಕೇಲಿನ ಗೆರೆ ಕಾಣುವುದಿಲ್ಲ, ಕಾರಿನಡಿ ಮಲಗಿದರೆ ಕನ್ನಡಕ ಮೂಗಿನ ಮೇಲೆ ನಿಲ್ಲುವುದಿಲ್ಲ. ಅವಳಿಗೆ ಸ್ಕೇಲೇ ಬೇಡ. ಒಂದು ಮೊರ ಕಾಫಿ ಬೀಜ ಮುಂದಿಟ್ಟರೆ ಮಾತಾಡುತ್ತಲೇ ಕಪ್ಪು ಬೀಜಗಳನ್ನೆಲ್ಲ ಹೆಕ್ಕಿ ಹಾಕುವವಳು. ಅದೂ ಒಂದೇ ಕಣ್ಣಿನಲ್ಲಿ. ನಮ್ಮ ಮದುವೆಯಾದ ಮೂರನೇ ವರ್ಷ, ಕಾಫಿ ಗಿಡ ಸವರುವಾಗ ಒಣಕಡ್ಡಿ ಚುಚ್ಚಿ ಅವಳ ಎಡಗಣ್ಣು ಹೋಯಿತು. ಉಳಿದದ್ದು ಬಲಗಣ್ಣು.

"ದಾರ ನೋಡ್ಲಿಕ್ಕೆ ನಿನ್ನಷ್ಟು ಸಲೀಸು ಯಾರಿಗೂ ಇಲ್ಲ ಮಾರಾಯ್ತಿ, ಒಂದು ಕಣ್ಣು ಮುಚ್ಚೋ ಕೆಲಸವೇ ಇಲ್ಲ" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವಳೂ ನಗುತ್ತಿದ್ದಳು. ಈಗ ಆ ಮಾತು ನೆನಪಾದರೆ ನನ್ನ ನಾಲಿಗೆಯನ್ನು ನಾನೇ ಕಿತ್ತು ಎಸೆಯಬೇಕು ಅನಿಸುತ್ತದೆ.

ಕಳೆದ ನವೆಂಬರಿನ ಮೊದಲ ವಾರ. ಮಳೆ ನಿಂತು ರಸ್ತೆಯೆಲ್ಲ ಗುಂಡಿ ಬಿದ್ದಿತ್ತು, ಕಾರು ಎಡಕ್ಕೆ ಎಳೆಯುತ್ತಿತ್ತು. ಹಣ್ಣು ಕೊಯ್ಲು ಶುರುವಾದರೆ ಕಣ ಖಾಲಿ ಸಿಗುವುದಿಲ್ಲವೆಂದು ಬೆಳಿಗ್ಗೆ ತಿಂಡಿಯಾದ ಕೂಡಲೇ ದಾರ ಕಟ್ಟಿದೆ. ಅರುಣಾ ಎಂದಿನಂತೆ ಹಿಂದಿನ ಚಕ್ರದ ಬಳಿ ಮಣೆ ಹಾಕಿ ಕೂತು, ತಲೆ ತಗ್ಗಿಸಿ ದಾರದುದ್ದಕ್ಕೂ ನೋಡಿದಳು. ನಾನು ಮುಂದಿನ ಚಕ್ರದಡಿ ಸ್ಪ್ಯಾನರ್ ಹಿಡಿದು ಮಲಗಿದ್ದೆ.

"ಹೇಗಿದೆ?"

"ದಾರ ಮಧ್ಯದಲ್ಲಿ ಒಳಗೆ ಬಾಗಿದ ಹಾಗೆ ಕಾಣ್ತದೆ" ಎಂದಳು.

ಎದ್ದು ಬಂದು ದಾರ ಮೀಟಿದೆ. ಟಣ್ಣೆಂದಿತು. "ಬಿಗಿಯಾಗೇ ಇದೆ. ಚಕ್ರ ಹೇಗಿದೆ ಹೇಳು."

"ಮುಂದಿನ ಟೈರಿನ ಹತ್ರ ಸೊಟ್ಟ ಇದೆ."

ಟೈರು ಸೊಟ್ಟ ಇದೆ ಎಂದೇ ತಿಳಿದು ರಾಡನ್ನು ಅರ್ಧ ಸುತ್ತು ತಿರುಗಿಸಿದೆ. "ಈಗ?" "ಹಾಗೇ ಇದೆ." ಇನ್ನರ್ಧ ಸುತ್ತು. "ಹಾಗೇ ಇದೆ." ಇನ್ನೊಂದು ಸುತ್ತು. ಬೆನ್ನಿನಡಿ ಸಿಮೆಂಟು ಚುಚ್ಚುತ್ತಿತ್ತು, ಕಣ್ಣಿಗೆ ತುಕ್ಕಿನ ಹುಡಿ ಬೀಳುತ್ತಿತ್ತು. ನನಗೆ ತಲೆ ಕೆಟ್ಟಿತು.

"ಎಂಥದು ನೋಡ್ತಾ ಇದ್ದೀ ನೀನು?"

"ದಾರವೇ ಬಾಗಿದ ಹಾಗೆ ಕಾಣ್ತದಲ್ಲ, ನಾನೇನು ಮಾಡ್ಲಿ?"

"ಬಿಗಿದ ದಾರ ಎಲ್ಲಾದ್ರೂ ಬಾಗ್ತದಾ? ತಲೆ ಇದೆಯಾ ನಿಂಗೆ? ಒಂದು ದಾರ ನೋಡಿ ಹೇಳ್ಲಿಕ್ಕೆ ಆಗಲ್ವಾ?" ಸ್ಪ್ಯಾನರನ್ನು ಕಣದ ಮೇಲೆ ಎಸೆದೆ. ಅದು ಜಾರುತ್ತಾ ಅವಳ ಕಾಲ ಹತ್ತಿರ ಹೋಗಿ ನಿಂತಿತು. ಅಂಗಳದಲ್ಲಿದ್ದ ಆಳು ಲಕ್ಕಯ್ಯ ಕೂಡ ತಿರುಗಿ ನೋಡಿದ.

ಅವಳು ಸ್ಪ್ಯಾನರ್ ಎತ್ತಿ ನನ್ನ ಕೈಗೆ ಕೊಟ್ಟಳು. ಮತ್ತೆ ಕೂತು ನೋಡಿದಳು. "ಈಗ ಸರಿ ಇದೆ" ಎಂದಳು. ಸ್ಪ್ಯಾನರ್ ಎಸೆದ ಮೇಲೆ ನಾನು ರಾಡನ್ನು ಮುಟ್ಟಿಯೇ ಇರಲಿಲ್ಲ. ಅದು ಆಗ ನನಗೆ ಹೊಳೆಯಲೂ ಇಲ್ಲ. ನಟ್ಟು ಬಿಗಿದು ಎದ್ದೆ.

ಕಾರು ರಸ್ತೆಗಿಳಿದರೆ ಅತ್ತಿಂದಿತ್ತ ಅಲೆಯುತ್ತಿತ್ತು. ಎರಡು ದಿನ ಹಲ್ಲು ಕಚ್ಚಿ ಓಡಿಸಿ, ಕೊನೆಗೆ ನಾಚಿಕೆ ಬಿಟ್ಟು ಮೂಡಿಗೆರೆಯ ರುದ್ರಪ್ಪನ ಗ್ಯಾರೇಜಿಗೆ ಹೋದೆ. ಅವನು ಚಕ್ರ ನೋಡಿ ಬಾಯಿಬಿಟ್ಟ.

"ಇದನ್ನ ಯಾರು ಮಾಡಿದ್ದು ಸುರೇಂದ್ರಣ್ಣ? ಎರಡು ಸುತ್ತು ಹೆಚ್ಚಿಗೆ ತಿರುಗ್ಸಿದ್ದಾರೆ."

ನಾನು ನಗುತ್ತಾ ಎಲ್ಲವನ್ನೂ ಹೆಂಡತಿಯ ತಲೆಗೆ ಕಟ್ಟಿದೆ. ಬಿಗಿದ ದಾರ ಬಾಗಿದೆ ಎಂದಳು ಮಹಾರಾಯ್ತಿ, ಎಂದೆ. ರುದ್ರಪ್ಪ ನಗಲಿಲ್ಲ.

"ದಾರ ಸರಿ ಇದ್ದು ಬಾಗಿ ಕಂಡ್ರೆ, ಅಕ್ಕನಿಗೆ ಕಣ್ಣು ತೋರ್ಸೋದು ಒಳ್ಳೇದಲ್ವಾ? ಇರೋದೇ ಒಂದು."

"ತೋರ್ಸಿದ್ರಾಯ್ತು. ಕೊಯ್ಲು ಮುಗೀಲಿ" ಎಂದೆ.

ಇದಕ್ಕಿಂತ ಸ್ಪಷ್ಟವಾಗಿ ಯಾರೂ ಯಾರಿಗೂ ಹೇಳಲಾರರು. ಕೇಳಿಸಿಕೊಂಡೆ, ಉತ್ತರವನ್ನೂ ಕೊಟ್ಟೆ, ಮರೆತೂಬಿಟ್ಟೆ. ಕೊಯ್ಲಿನ ಆಳುಗಳು ಬಂದರು, ಹಣ್ಣು ಬಂತು, ಕಣ ತುಂಬಿತು. ಅರುಣಾ ಅಡುಗೆ ಮಾಡುತ್ತಿದ್ದಳು, ಆಳುಗಳಿಗೆ ಚಹಾ ಕೊಡುತ್ತಿದ್ದಳು. ಅನ್ನದಲ್ಲಿ ಎರಡು ಸಲ ಕಲ್ಲು ಸಿಕ್ಕಿದಾಗ ತಟ್ಟೆ ಸರಿಸಿ ಎದ್ದು ಹೋದೆ. ಮೊರ ಹಿಡಿದು ಕೂರುವುದನ್ನು ಅವಳು ಬಿಟ್ಟಿದ್ದಳು. ಸೋಮಾರಿತನ ಎಂದುಕೊಂಡೆ, ಬಾಯಿಬಿಟ್ಟು ಅಂದೂಬಿಟ್ಟೆ.

ಡಿಸೆಂಬರಿನ ನಡುವೆ ಒಂದು ಮಧ್ಯಾಹ್ನ ತೋಟದಿಂದ ಬಂದು ಜಗಲಿ ಹತ್ತಿದೆ. ಅವಳು ಎದುರಿಗೇ ನಿಂತಿದ್ದಳು, ನಾಲ್ಕು ಅಡಿ ದೂರದಲ್ಲಿ. ನನ್ನ ಮುಖವನ್ನೇ ನೋಡುತ್ತಾ, "ಯಾರು? ಅವ್ರು ತೋಟದಲ್ಲಿದ್ದಾರೆ, ಕೂತ್ಕೊಳ್ಳಿ" ಎಂದಳು.

ಚೇಷ್ಟೆ ಎಂದುಕೊಂಡು ನಕ್ಕೆ. ನನ್ನ ನಗು ಕೇಳಿ ಅವಳ ಮುಖ ಬಿಳುಚಿಕೊಂಡಿತು.

ಮರುದಿನವೇ ಮಂಗಳೂರಿಗೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ನಮ್ಮ ಮಗಳ ವಯಸ್ಸಿನ ಹುಡುಗಿ. ಚೌಕ ಚೌಕ ಗೆರೆ ಎಳೆದ ಕಾಗದವೊಂದನ್ನು ಅರುಣಾಳ ಮುಂದೆ ಹಿಡಿದು, ಗೆರೆ ಹೇಗೆ ಕಾಣುತ್ತದೆ ಎಂದು ಕೇಳಿದಳು.

"ಸುತ್ತ ಬಾಗಿದೆ. ಮಧ್ಯದಲ್ಲಿ ಗೆರೆಯೇ ಇಲ್ಲ."

"ನೇರ ಇರೋದು ಬಾಗಿದ ಹಾಗೆ ಕಾಣ್ಲಿಕ್ಕೆ ಶುರುವಾಗಿ ಎಷ್ಟು ದಿನ ಆಯ್ತಮ್ಮ?"

"ನಾಲ್ಕೈದು ದಿನ" ಎಂದಳು ಅರುಣಾ, ನನ್ನ ಕಡೆ ತಿರುಗದೆ.

ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಳು. ಆ ಕುರ್ಚಿಯಲ್ಲಿ ಕೂತಾಗಲೂ.

"ನಲವತ್ತು ದಿನ" ಎಂದೆ ನಾನು.

ಡಾಕ್ಟರು ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿ ಹೇಳಿದಳು. ಕಣ್ಣಿನ ಹಿಂಭಾಗದ ಪರದೆಯ ನಟ್ಟನಡುವೆ, ಅಡಿಯಲ್ಲಿ ರಕ್ತ ಸೋರಿದೆ. ಗೆರೆ ಬಾಗಿ ಕಂಡ ದಿನಗಳಲ್ಲೇ ಬಂದಿದ್ದರೆ ಕಣ್ಣಿಗೆ ಇಂಜೆಕ್ಷನ್ ಕೊಟ್ಟು ದೃಷ್ಟಿ ಉಳಿಸಿಕೊಳ್ಳುವ ಅವಕಾಶ ಚೆನ್ನಾಗಿತ್ತು. ಈಗ ಅದು ಕಲೆಗಟ್ಟಿದೆ. ಇಂಜೆಕ್ಷನ್ ಕೊಡೋಣ, ಅಂಚಿನ ದೃಷ್ಟಿ ಉಳಿಯಬಹುದು, ನಡುವಿನದು ಇನ್ನು ಬರುವುದಿಲ್ಲ. ಗೋಡೆ ಬಾಗಿಲು ತಿಳಿಯುತ್ತದೆ, ನಡೆದಾಡಬಹುದು. ಓದು, ಹೊಲಿಗೆ, ಎದುರಿಗಿರುವವರ ಮುಖ, ಇವು ಆಗುವುದಿಲ್ಲ. ಅಷ್ಟು ಮೆತ್ತಗೆ ಹೇಳಿದಳು. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ವಾಪಸು ಬರುವಾಗ ಅರುಣಾ ಇಂಜೆಕ್ಷನ್ ಕೊಟ್ಟ ಮೇಲೆ ಕಣ್ಣಿಗೆ ಹಾಕಿದ್ದ ಹತ್ತಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಕಾರ್ಕಳ ದಾಟುವಾಗ, ಡಾಕ್ಟರು ಹೇಳಿದ ಹೊತ್ತಿಗೆ ಸರಿಯಾಗಿ, ಆ ಹತ್ತಿಯನ್ನು ನಾನೇ ತೆಗೆದೆ. ಗಣಿ ಮುಚ್ಚಿದ ಮೇಲೆ ಖಾಲಿ ಬಿದ್ದ ಕುದುರೆಮುಖದ ಕ್ವಾರ್ಟರ್ಸುಗಳ ಹತ್ತಿರ ಬರುವಷ್ಟರಲ್ಲಿ ಕಣ್ಣು ತುಂಬಿ ನನಗೆ ರಸ್ತೆ ಕಾಣದಾಯಿತು. ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಅಲ್ಲಿ ಒಬ್ಬ ನರಪಿಳ್ಳೆಯೂ ಇರಲಿಲ್ಲ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅರುಣಾ?" ಎಂದೆ.

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಮೊದಲ ದಿನವೇ ಹೇಳಿದ್ದೆನಲ್ಲ" ಎಂದಳು. ದೂರು ಹೇಳುವ ದನಿಯಲ್ಲ, ನನಗೆ ಮರೆತುಹೋಗಿರಬೇಕು ಎಂದು ನೆನಪಿಸುವ ದನಿ.

ಸ್ಟಿಯರಿಂಗ್ ಹಿಡಿದುಕೊಂಡು ಸದ್ದಿಲ್ಲದೆ ಅತ್ತೆ. ನೀರು ಗದ್ದದಿಂದ ಅಂಗಿಗೆ ಇಳಿಯುತ್ತಿತ್ತು. ಅವಳು ನನ್ನ ಕಡೆಗೇ ಮುಖ ಮಾಡಿ ಕೂತು, ಕತ್ತು ಅತ್ತಿತ್ತ ಓರೆ ಮಾಡಿ ನನ್ನ ಮುಖವನ್ನು ಹುಡುಕುತ್ತಿದ್ದಳು. ಸಿಗಲಿಲ್ಲ. ನಾನು ಮಾತಾಡದೆ ಕೂತ ಹಾಗೆ ಸೆರಗಿನ ಅಂಚನ್ನು ಬೆರಳಿಗೆ ಇನ್ನೂ ಬಿಗಿಯಾಗಿ ಸುತ್ತಿಕೊಂಡಳು.

"ಸಿಟ್ಟು ಬಂತಾ?" ಎಂದಳು. "ಸಿಟ್ಟಾಗ್ಬೇಡಿ. ಇನ್ಮೇಲೆ ಎಲ್ಲ ಹೇಳ್ತೇನೆ."